ಸೊನ್ನೆ ಬೈಕಿನ ಊರು

“ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಕೂ ತಾಲೂಕು ಜಾಲಾಡ್ರಿ. ಅಂಕಿಗೆ ಅಂಜದ ಗಂಡಸು ಅಂದ್ರ ಈ ಕೊಟ್ರೇಶ ಒಬ್ಬನ ಸಿಗ್ತಾನ.”

ಬೇವೂರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಕೊಟ್ರೇಶ ಮಾಸ್ತರರು ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಊರಿನ ಎಮ್ಮೆಗಳಿಗೂ ಅದು ಬಾಯಿಪಾಠವಾಗಿತ್ತು. ಅವರು ಯಲಬುರ್ಗಾದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕರು. ಅತಿಥಿಯಾಗಿ ಹದಿನೆಂಟು ವರ್ಷವಾಗಿತ್ತು. ಯಾವ ಮನೆಯ ಅಳಿಯನೂ ಅಷ್ಟು ಕಾಲ ಅತಿಥಿಯಾಗಿ ಉಳಿದ ದಾಖಲೆ ಆ ಸೀಮೆಯಲ್ಲಿ ಇಲ್ಲ. ಪ್ರತಿ ವರ್ಷ ಹೊಸದಾಗಿ ನೇಮಕದ ಆದೇಶ ಬರಬೇಕು, ಬರುವತನಕ ಮಾಸ್ತರರ ಜೀವ ಬಾಗಿಲ ಚಿಲಕಕ್ಕೆ ತೂಗುಬಿದ್ದಿರಬೇಕು. ಆದರೆ ಅದು ಆದೇಶದ ಭಯ, ಅಂಕಿಯ ಭಯವಲ್ಲ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಅಂಕಿಗೆ ಅವರು ಅಂಜದಿರಲು ಕಾರಣವಿತ್ತು. ಅವರ ಪಠ್ಯಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಹತ್ತು ಹುಡುಗರಿದ್ದರು. ಆ ಹತ್ತೂ ಹುಡುಗರ ತೂಕ ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಿಯಾಗಿ ಐವತ್ತು ಕೆಜಿ ಬರುತ್ತಿತ್ತು, ಹಿಂದಿಲ್ಲ ಮುಂದಿಲ್ಲ. ಹದಿನೆಂಟು ವರ್ಷದಲ್ಲಿ ಆ ಹುಡುಗರು ಒಂದು ರೊಟ್ಟಿ ಹೆಚ್ಚಿಗೆ ತಿಂದಿರಲಿಲ್ಲ, ಒಂದು ಜ್ವರಕ್ಕೆ ಸೊರಗಿರಲಿಲ್ಲ. ಮಾಸ್ತರರು ಆ ಲೆಕ್ಕವನ್ನು ಕಣ್ಣು ಮುಚ್ಚಿ ಬಿಡಿಸುತ್ತಿದ್ದರು, ಬೋರ್ಡಿಗೆ ಬೆನ್ನು ಮಾಡಿ ಬಿಡಿಸುತ್ತಿದ್ದರು. ಒಮ್ಮೆ ನಿದ್ದೆಯಲ್ಲಿ ಬಿಡಿಸಿ, ಉತ್ತರವನ್ನು ಹೆಂಡತಿಯ ಬೆನ್ನ ಮೇಲೆ ಬೆರಳಿನಿಂದ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರಂತೆ. ಹಾಗೆಂದು ಹೆಂಡತಿ ಶೈಲಜಾ ಓಣಿಗೆಲ್ಲ ಹೇಳಿದ್ದಳು.

ಹೀಗಿರುವಾಗ ವಿಶ್ವವಿದ್ಯಾಲಯದವರು ಸಂಖ್ಯಾಶಾಸ್ತ್ರ ಕಲಿಸುವವರಿಗೆಲ್ಲ ಕೊಪ್ಪಳದಲ್ಲಿ ಎರಡು ದಿನದ ತರಬೇತಿ ಇಟ್ಟರು. ಕಲಿಸಲು ಬಂದವರು ಗಂಗಾವತಿ ಕಡೆಯ ಪ್ರಾಧ್ಯಾಪಕಿ ಖುರ್ಷಿದಾ ಮೇಡಂ. ಸಣ್ಣ ದೇಹ, ಸಣ್ಣ ಧ್ವನಿ. ಆ ಸಣ್ಣ ಧ್ವನಿಯಲ್ಲಿ ಅವರು ಹೇಳಿದ್ದು ಮಾಸ್ತರರಿಗೆ ಗುಡುಗಿನಂತೆ ಕೇಳಿಸಿತು.

“ಪುಸ್ತಕದಾಗಿನ ಅಂಕಿ ಅಂದ್ರ ಪ್ಲಾಸ್ಟಿಕ್ ಮಾವಿನಹಣ್ಣು ಇದ್ದಂಗರಿ. ಟೇಬಲ್ ಮ್ಯಾಲ ಛಂದ ಕಾಣ್ತಾವ. ಹುಡುಗ್ರಿಗೆ ಕೊಟ್ರ ಹಲ್ಲು ಮುರೀತಾವ. ನಿಮ್ಮ ನಿಮ್ಮ ಊರಾಗ ಮನಿ ಮನಿಗೆ ಹೋಗ್ರಿ, ಏನರ ಒಂದು ಎಣಿಸ್ಕೊಂಡು ಬರ್ರಿ, ಅದನ್ನ ಇಟ್ಕೊಂಡು ಪಾಠ ಮಾಡ್ರಿ. ಖರೇ ಮಂದಿ, ಖರೇ ಅಂಕಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರರೂ ಎರಡು ಕೈ ಎತ್ತಿದರು, ಆದರೆ ಗಾಬರಿಯಲ್ಲಿ ಒಂದು ಕೈ ಇನ್ನೊಂದಕ್ಕೆ ಸಿಗಲಿಲ್ಲ.

“ಮೇಡಂ,” ಎಂದರು ಎದ್ದು ನಿಂತು, “ಖರೇ ಅಂಕಿ ಭಾಗಾಕಾರಕ್ಕ ಸರಿ ಹೋಗದಿದ್ರರಿ?”

“ಹೋಗಂಗಿಲ್ಲ ಸರ. ಅದ ಛಲೋ.”

ಆ ‘ಅದ ಛಲೋ’ ಎಂಬ ಮಾತಿಗೆ ಮಾಸ್ತರರು ತಮ್ಮ ನಲವತ್ತೊಂದನೆಯ ಪುಟವನ್ನು ನೆನೆಯುತ್ತಾ ಕುಳಿತುಕೊಂಡರು. ಅಷ್ಟಕ್ಕೇ ಮುಗಿಯಲಿಲ್ಲ. ಹದಿನೈದು ದಿನದೊಳಗೆ ಪ್ರತಿಯೊಬ್ಬರ ತರಗತಿಗೂ ತಾವು ಬಂದು ಹಿಂದಿನ ಬೆಂಚಿನಲ್ಲಿ ಕೂರುವುದಾಗಿಯೂ, ತಮ್ಮ ವರದಿ ಮುಂದಿನ ವರ್ಷದ ನೇಮಕದ ಕಡತಕ್ಕೆ ಸೇರುವುದಾಗಿಯೂ ಮೇಡಂ ಹೇಳಿದರು. ಆಮೇಲೆ ಊಟಕ್ಕೆ ಹೋಳಿಗೆ ಇತ್ತು. ಹೋಳಿಗೆಯನ್ನು ಎದುರಿಗಿಟ್ಟುಕೊಂಡು ತಿನ್ನದೆ ಎದ್ದ ಗಂಡಸು ಆ ದಿನ ಕೊಪ್ಪಳದಲ್ಲಿ ಅವರೊಬ್ಬರೇ.

ಮನೆಗೆ ಬಂದವರೇ ಹಾಸಿಗೆ ಹಿಡಿದರು. ಶೈಲಜಾ ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು.

“ಏನ್ ಎಣಿಸ್ಲಿ ನಾನು?” ಎಂದರು ಮಾಸ್ತರರು ಸೂರು ನೋಡುತ್ತಾ.

“ಕೋಳಿ ಎಣಿಸ್ರಿ.”

“ಅವು ನಿಂತಲ್ಲಿ ನಿಲ್ಲಂಗಿಲ್ಲ. ಒಂದ ಕೋಳಿ ನಾಕು ಸಲ ಲೆಕ್ಕಕ್ಕ ಬರತೈತಿ.”

“ಹಂಗಾದ್ರ ಬೈಕ್ ಎಣಿಸ್ರಿ. ಮನಿ ಮುಂದ ನಿಂತಲ್ಲೇ ನಿಂತಿರ್ತಾವ.”

ಬೈಕು ಓಡುವುದಕ್ಕಾಗಿಯೇ ಹುಟ್ಟಿದ್ದು ಎಂಬುದು ಆ ಕ್ಷಣಕ್ಕೆ ಗಂಡ ಹೆಂಡತಿ ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಮುಂಜಾನೆ ಮಾಸ್ತರರು ಇಸ್ತ್ರಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟು ಬಿಗಿದು, ಜೇಬಿನಲ್ಲಿ ಎರಡು ಬಣ್ಣದ ಪೆನ್ನು ಸಿಕ್ಕಿಸಿ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು ಹಿಡಿದು ಹೊರಟರು. ರಿಜಿಸ್ಟರಿನಲ್ಲಿ ಮೂರು ಅಂಕಣ: ಯಜಮಾನರ ಹೆಸರು, ಮನೆ ನಂಬರು, ಬೈಕು. ತಮ್ಮ ಮನೆಯೊಂದನ್ನು ಬಿಟ್ಟು, ತಮ್ಮ ಓಣಿ ಮತ್ತು ಪಕ್ಕದ ಓಣಿ ಸೇರಿ ನೂರಾ ಹನ್ನೆರಡು ಮನೆ. ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ ಎಂದುಕೊಂಡಿದ್ದರು.

ಆದರೆ ಬೈಕಿದ್ದವರ ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರಂತೆ ಎಂಬ ಗಾಳಿಮಾತು ಊರಿನಲ್ಲಿ ಎಂದಿನಿಂದಲೋ ಓಡಾಡುತ್ತಿತ್ತು. ಬೆಲ್ಟು ಬಿಗಿದು ರಿಜಿಸ್ಟರು ಹಿಡಿದು ಬೈಕು ಕೇಳುವ ಮನುಷ್ಯ ಕಂಡದ್ದೇ ತಡ, ಆ ಗಾಳಿಮಾತಿಗೆ ಕೈಕಾಲು ಬಂತು. ಮಾಸ್ತರರು ಎರಡನೆಯ ಮನೆಯಿಂದ ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಓಣಿಯ ತುಂಬ ಎಂಜಿನ್ನುಗಳು ಗುಡುಗಿದವು. ಬೈಕುಗಳು ಒಂದರ ಹಿಂದೊಂದು ಹೊಲದ ದಾರಿ ಹಿಡಿದವು. ಎದ್ದ ಹೊಗೆಗೆ ಅತ್ತ ಗಿಣಿಗೇರಾದ ಕಾರ್ಖಾನೆಯ ಚಿಮಣಿಗಳು ನಾಚಿ ಒಂದು ಗಳಿಗೆ ಹೊಗೆ ಬಿಡುವುದನ್ನು ನಿಲ್ಲಿಸಿದವು ಎಂದು ಹೇಳುವವರಿದ್ದಾರೆ. ಹೊತ್ತಿಕೊಳ್ಳದ ಗಾಡಿಗಳನ್ನು ಇದ್ದಲ್ಲೇ ಮುಚ್ಚಲಾಯಿತು. ಕೆಲವು ಜೋಳದ ಕಣಿಕೆಯ ಬಣವೆಯೊಳಗೆ ಹೋದವು, ಕೆಲವು ಕಾಳು ತುಂಬುವ ಹಗೇವಿನೊಳಗೆ ಇಳಿದವು. ಒಂದು ಮನೆಯಲ್ಲಂತೂ ಬೈಕನ್ನು ನಡುಮನೆಗೆ ಒಯ್ದು, ಅಡ್ಡ ಪರದೆ ಕಟ್ಟಿ, ಪಕ್ಕದಲ್ಲಿ ಲೋಬಾನದ ಹೊಗೆ ಹಾಕಿ, “ಬಾಣಂತಿ ಮಲಗ್ಯಾಳರಿ, ಒಳಗ ಬರಬ್ಯಾಡ್ರಿ” ಎಂದರು. ಬಾಣಂತಿಯ ಹತ್ತಿರದಿಂದ ಪೆಟ್ರೋಲು ವಾಸನೆ ಬರುತ್ತಿತ್ತು.

ಪಕ್ಕೀರವ್ವನ ಮನೆ ಓಣಿಯ ನಡುವೆ. ಎಪ್ಪತ್ತರ ಮುದುಕಿ, ಅಂಗಳದಲ್ಲಿ ಕೌದಿ ಹೊದಿಸಿದ ಯಾವುದೋ ಎತ್ತರದ ವಸ್ತುವಿನ ಮೇಲೆ, ಕಾಲು ನೆಲಕ್ಕೆ ಎಟುಕದಂತೆ ಕುಳಿತಿದ್ದಳು.

“ಯವ್ವಾ, ಮನ್ಯಾಗ ಬೈಕ್ ಐತೇನು?”

“ಬೈಕ್ ಅಂದ್ರ ಹೆಂಗಿರತೈತಪಾ?”

“ಎರಡು ಗಾಲಿ ಇರತಾವಬೇ.”

“ನಮ್ಮ ಮನ್ಯಾಗ ತಿರುಗೂದು ಅಂದ್ರ ಬೀಸೋ ಕಲ್ಲೊಂದ ನೋಡು.”

“ನೀ ಕುಂತದ್ದೇನು ಮತ್ತ?”

“ಜ್ವಾಳದ ಚೀಲ.”

“ಚೀಲಕ್ಕ ಕನ್ನಡಿ ಯಾಕ ಹಚ್ಚೀರಿ?”

ಪಕ್ಕೀರವ್ವ ಪಕ್ಕಕ್ಕೆ ತಿರುಗಿ ನೋಡಿದಳು. ಕೌದಿಯ ಅಂಚಿನಿಂದ ದುಂಡನೆಯ ಕನ್ನಡಿ ಇಣುಕುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಸೆರಗಿನಿಂದ ಕನ್ನಡಿ ಒರೆಸಿ, ಅದರಲ್ಲಿ ಮುಖ ನೋಡಿ, ಹಣೆಯ ಭಂಡಾರ ಸರಿಮಾಡಿಕೊಂಡಳು.

“ಮುದಿಕ್ಯಾರು ಮುಖ ನೋಡ್ಕೋಬಾರದೇನು? ಕನ್ನಡಿ ಇದ್ರೂ ಕಾರ್ಡ್ ಕಿತ್ಗೊಂತಾರೇನು?”

ಮಾಸ್ತರರು ನಗಬೇಕೆಂದಿದ್ದರು. ಅಷ್ಟರಲ್ಲಿ ಅವಳು ಕೌದಿಯ ಅಂಚನ್ನು ಎಳೆದು ಕನ್ನಡಿ ಮುಚ್ಚಿದಳು.

“ನಿನ್ನ ಎತ್ತಿ ಆಡಿಸೀನಿ ನಾನು,” ಎಂದಳು ಪಕ್ಕೀರವ್ವ ಧ್ವನಿ ಇಳಿಸಿ. “ಮಗ ದುಡ್ಯಾಕ ಹೋಗೂ ಗಾಡಿ... ಗಾಡಿ ಇಲ್ಲ. ಆ ಬುಕ್ಕಿನ್ಯಾಗ ನನ್ನ ಹೆಸರು ಬರೀಬ್ಯಾಡೋ ಕೊಟ್ರ್ಯಾ.”

ಮಾಸ್ತರರು ಸೊನ್ನೆ ಬರೆದು ಮುಂದಿನ ಮನೆಗೆ ಹೋದರು. ಅಲ್ಲಿಯೂ ಸೊನ್ನೆ. ಹೊತ್ತು ಮುಳುಗುವ ಮುಂಚೆ ನೂರಾ ಹನ್ನೆರಡು ಮನೆ ಮುಗಿದವು. ನೂರಾ ಹನ್ನೆರಡು ಸೊನ್ನೆ ಸಾಲಾಗಿ ನಿಂತವು. ಕೂಡಿಸಿದರೆ ಸೊನ್ನೆ, ಭಾಗಿಸಿದರೆ ಸೊನ್ನೆ. ಲೆಕ್ಕವೇನೋ ಶೇಷವಿಲ್ಲದೆ ಸರಿಹೋಗಿತ್ತು. ಅವರು ಜೀವಮಾನದಲ್ಲಿ ಮೊದಲ ಸಲ ಸರಿಹೋದ ಲೆಕ್ಕವನ್ನು ನೋಡಿ ಬೆವರಿದರು.

ಆ ಸೊನ್ನೆಯನ್ನು ಮೇಡಂ ಮುಂದೆ ಹೇಗೆ ಇಡುವುದು? ಬೇವೂರಿನಂಥ ಊರಿನಲ್ಲಿ ಒಂದೂ ಬೈಕಿಲ್ಲವೆಂದರೆ ಹುಚ್ಚನೂ ನಂಬುವುದಿಲ್ಲ. ಮನೆಯಲ್ಲಿ ಕುಳಿತು ಬರೆದ ಅಂಕಿ ಎಂದು ಮೇಡಂ ವರದಿ ಬರೆಯುತ್ತಾರೆ. ವರದಿ ಕಡತಕ್ಕೆ ಹೋಗುತ್ತದೆ. ಹದಿನೆಂಟು ವರ್ಷದ ಅತಿಥಿಯನ್ನು ಎಲೆ ಮಡಚುವ ಮುಂಚೆಯೇ ಎಬ್ಬಿಸಿ ಕಳಿಸುತ್ತಾರೆ. ನಲವತ್ತೇಳರ ವಯಸ್ಸಿನಲ್ಲಿ, ಹತ್ತು ಕಾಗದದ ಹುಡುಗರ ತೂಕ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯನನ್ನು ಮತ್ತೆ ಯಾರು ಕರೆಯುತ್ತಾರೆ? ಮೂರು ದಿನ ಇದೇ ಯೋಚನೆ. ರಸ್ತೆಯಲ್ಲಿ ಬಿಳಿ ಕಾರು ಕಂಡರೆ ಮಾಸ್ತರರು ಗೋಡೆಗೆ ಅಂಟಿಕೊಳ್ಳತೊಡಗಿದರು. ತಟ್ಟೆಯಲ್ಲಿ ರೊಟ್ಟಿ ದುಂಡಗೆ ಕಂಡರೂ ಸೊನ್ನೆಯ ನೆನಪಾಗಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶೈಲಜಾ ರೊಟ್ಟಿಯನ್ನು ಮುರಿದು ಬಡಿಸುತ್ತಿದ್ದಳು.

ನಾಲ್ಕನೆಯ ದಿನ ಸಂಜೆ ಅವರು ಹೊಸ ಹಾಳೆ ತೆಗೆದುಕೊಂಡು ಮನಸ್ಸಿಗೆ ಬಂದಂತೆ ಬರೆಯತೊಡಗಿದರು. ಒಂದು ಮನೆಗೆ ಒಂದು ಬೈಕು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಸೊನ್ನೆ.

“ಏನ್ ಬರ್ಯಾಕತ್ತೀರಿ?” ಎಂದಳು ಶೈಲಜಾ.

“ಬೈಕ್ ಹಂಚಾಕತ್ತೀನಿ.”

“ಸರ್ಕಾರಕ್ಕ ಆಗದ ಕೆಲಸ, ನೀವರ ಮಾಡ್ರಿ.”

“ಮತ್ತೇನ್ ಮಾಡ್ಲಿ? ಮಂದಿ ಸುಳ್ಳು ಹೇಳ್ತಾರ. ಇಡೀ ಓಣಿ ಸುಳ್ಳು. ಮಾನ ಮರ್ಯಾದಿ ಇಲ್ಲದ ಮಂದಿ.”

ಶೈಲಜಾ ಹೊಲಿಗೆ ಯಂತ್ರ ನಿಲ್ಲಿಸಿದಳು. “ಹೋದ ವರ್ಷ ಸರ್ವೇದವರು ಬಂದಾಗ ನಿಮ್ಮ ಗಾಡಿ ಎಲ್ಲಿತ್ತರಿ?”

ಮಾಸ್ತರರ ಪೆನ್ನು ನಿಂತಿತು.

ಅವರ ಗಾಡಿ ಅಂದು ಕ್ರಾಸಿನಲ್ಲಿ ಪಂಕ್ಚರ್ ಹಾಕುವ ಅಲ್ಲಾಸಾಬನ ತಗಡಿನ ಶೆಡ್ಡಿನಲ್ಲಿ, ಹಳೆಯ ಟೈರುಗಳ ಗುಡ್ಡದ ಕೆಳಗೆ ಇತ್ತು. ಮನೆಯ ರೇಷನ್ ಕಾರ್ಡು ಅವರ ಅವ್ವ ಬಸವಣ್ಣೆಮ್ಮನ ಹೆಸರಿನಲ್ಲಿತ್ತು. ಸರ್ವೆಯ ಹುಡುಗಿ ಕೇಳಿದಾಗ, ಅಂಕಿಗೆ ಅಂಜದ ಗಂಡಸು ಬಾಗಿಲಲ್ಲಿ ನಿಂತು, ‘ಬೈಕ್ ಎಲ್ಲೀದ್ರಿ ಮೇಡಂ, ಅತಿಥಿ ಉಪನ್ಯಾಸಕರು ನಾವು’ ಎಂದಿದ್ದರು.

“ಅವತ್ತು ನೀವು ಅಂಜಿದ್ದು ಶಾಣ್ಯಾತನ,” ಎಂದಳು ಶೈಲಜಾ. “ಪಕ್ಕೀರವ್ವ ಅಂಜಿದ್ರ ಮಾನ ಇಲ್ಲದಾಕಿ. ಹೌದಲ್ರಿ?” ಅಷ್ಟು ಹೇಳಿ ಮತ್ತೆ ಯಂತ್ರ ತುಳಿಯತೊಡಗಿದಳು.

ಮಾಸ್ತರರು ಹಾಳೆಯನ್ನು ನಾಲ್ಕಾಗಿ ಹರಿದು ಹೊರಗೆ ಬಂದರು. ಕಾಲು ತಾನಾಗಿ ಕ್ರಾಸಿನ ಕಡೆ ನಡೆಯಿತು.

ಅಲ್ಲಾಸಾಬ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಆ ಸೀಮೆಯ ಯಾವ ಗಾಲಿಯೂ ಅವನ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಟೈರಿನ ಗುರುತು ನೋಡಿ ಗಾಡಿ ಹೇಳುತ್ತಿದ್ದ. ಗಾಡಿ ಸಾಗಿದ ರೀತಿ ನೋಡಿ, ಮನೆಯಲ್ಲಿ ಆ ದಿನ ಗಂಡ ಹೆಂಡತಿ ಜಗಳ ಆಗಿದೆಯೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದನಂತೆ.

“ಬರ್ರಿ ಮಾಸ್ತರ. ಶೆಡ್ಡಿನ್ಯಾಗ ಜಾಗ ಇಲ್ಲರಿ ಈಗ. ನೀವು ಭಾನುವಾರ ಅಡ್ಡಾಡಿದ್ದಕ್ಕ ಹನ್ನೊಂದು ಗಾಡಿ ಬಂದು ಬಿದ್ದಾವು. ಒಬ್ಬರೂ ಒಯ್ಯಾಕ ಬಂದಿಲ್ಲ.”

“ಅಲ್ಲಾಸಾಬ, ನಮ್ಮ ಮನಿ ಬಿಟ್ಟು ಎರಡೂ ಓಣ್ಯಾಗ ಗಾಡಿ ಇರೋ ಮನಿ ಎಷ್ಟೋ?”

ಅಲ್ಲಾಸಾಬ ಟ್ಯೂಬಿನಿಂದ ಕಣ್ಣು ತೆಗೆಯದೆ ಬೆರಳು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. “ಐವತ್ತೊಂದು.”

“ಯಾರ್ ಯಾರ್ದು?”

ಅವನು ತಲೆ ಎತ್ತಿದ. “ಲೆಕ್ಕ ಕೇಳಿದ್ರಿ, ಹೇಳಿದೆ. ಹೆಸರು ಕೇಳಿದ್ರ ಈ ಬುಟ್ಟಿ ನೀರು ನಿಮ್ಮ ತಲಿ ಮ್ಯಾಲ ಬೀಳತೈತಿ. ಮಂದಿ ಗಾಡಿ ಮುಚ್ಚಿಟ್ಟಿಲ್ಲರಿ ಮಾಸ್ತರ, ಹೆಸರು ಮುಚ್ಚಿಟ್ಟಾರ. ನೀವು ಹೆಸರು ಬಿಟ್ಟು ಲೆಕ್ಕ ಅಷ್ಟ ಕೇಳಿದ್ರ ಯಾಕ ಹೇಳ್ತಿದ್ದಿಲ್ಲ?”

ಹೆಸರು ಬಿಟ್ಟು ಲೆಕ್ಕ. ಮಾಸ್ತರರು ಮನೆಗೆ ಬಂದು ಪಠ್ಯಪುಸ್ತಕ ತೆಗೆದರು. ಪರೀಕ್ಷೆಗೆ ಬರುವುದಿಲ್ಲವೆಂದು ಹದಿನೆಂಟು ವರ್ಷ ಬಿಟ್ಟಿದ್ದ ಕೊನೆಯ ಪಾಠ ಅದರಲ್ಲಿತ್ತು. ಹಾಳೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಬಿಡಿಸಿದಾಗ ಬಂದ ಶಬ್ದಕ್ಕೆ ಜಂತಿಯ ಮೇಲಿನ ಹಲ್ಲಿ ಓಡಿಹೋಯಿತು. ಜನ ಹೇಳಲು ಅಂಜುವ ಪ್ರಶ್ನೆಯನ್ನು ಅಂಜಿಕೆಯಿಲ್ಲದೆ ಕೇಳುವುದು ಹೇಗೆ ಎಂಬುದೇ ಆ ಪಾಠ. ಬೇಕಾದದ್ದು ಒಂದು ನಾಣ್ಯ.

ಶನಿವಾರ ಮಧ್ಯಾಹ್ನ ಮಾಸ್ತರರು ಮಾಸಿದ ಅಂಗಿ ಹಾಕಿಕೊಂಡು, ಪೆನ್ನಿಲ್ಲದೆ, ರಿಜಿಸ್ಟರಿಲ್ಲದೆ, ಬರಿಗೈಯಲ್ಲಿ ಹೊರಟರು. ಒಂದು ಐದು ರೂಪಾಯಿ ನಾಣ್ಯ, ಒಂದು ಕೈಚೀಲದ ತುಂಬ ಹುಣಸೆ ಬೀಜ. ಐತಿ ಅಂದರೆ ಬಲ ಜೇಬಿಗೊಂದು ಬೀಜ, ಇಲ್ಲ ಅಂದರೆ ಎಡ ಜೇಬಿಗೊಂದು. ಕಡಲೆ ಒಯ್ಯೋಣವೆಂದಿದ್ದರು, ಆದರೆ ಗಾಬರಿಯಲ್ಲಿ ಲೆಕ್ಕವನ್ನೇ ತಿಂದುಬಿಟ್ಟೇನೆಂಬ ಭಯ. ಸೋಮವಾರ ಮೇಡಂ ಬರುವವರಿದ್ದರು. ಈ ಸಲವೂ ಸೊನ್ನೆಯಾದರೆ ಮತ್ತೊಂದು ಭಾನುವಾರ ಉಳಿದಿತ್ತು, ಧೈರ್ಯ ಉಳಿದಿರಲಿಲ್ಲ.

ಮೊದಲು ಪಕ್ಕೀರವ್ವನ ಮನೆಗೇ ಹೋದರು. ಅವಳನ್ನು ದಾಟಿದರೆ ಓಣಿ ದಾಟಿದಂತೆ.

“ಮತ್ತ ಬಂದೇನೋ?” ಅವಳು ಕೌದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಹೆಸರು ಬರಿಯಾಕ ಬಂದಿಲ್ಲಬೇ. ನೋಡು, ಪೆನ್ನ ಇಲ್ಲ. ಈ ನಾಣ್ಯ ತಗೊಂಡು ಒಳಗ ಹೋಗು, ಒಬ್ಬಾಕಿನ ತೂರು. ನನಗ ತೋರಿಸಬ್ಯಾಡ. ಸಿಂಹ ಮ್ಯಾಲ ಬಿದ್ರ, ಗಾಡಿ ಇರಲಿ ಬಿಡ್ಲಿ, ಹೊರಗ ಬಂದು ಐತಿ ಅನ್ನು. ಅಂಕಿ ಮ್ಯಾಲ ಬಿದ್ರ ಇದ್ದದ್ದು ಇದ್ದಂಗ ಹೇಳು. ನೀ ಐತಿ ಅಂದ್ರ ಅದು ಸಿಂಹದ ಮಾತೋ ನಿನ್ನ ಮಾತೋ, ನನಗೂ ತಿಳಿಯಂಗಿಲ್ಲ, ಸರ್ಕಾರಕ್ಕೂ ತಿಳಿಯಂಗಿಲ್ಲ.”

ಪಕ್ಕೀರವ್ವ ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ದೇವರ ಹಂತೇಕ ಹೂ ಕೇಳಿದಂಗನ್ನು.”

ಮಾಸ್ತರರಿಗೆ ಇದು ಹೊಳೆದಿರಲಿಲ್ಲ. ಆ ಊರಿನಲ್ಲಿ ಮದುವೆಯಿರಲಿ, ಬಾವಿ ತೋಡುವುದಿರಲಿ, ದೇವರ ಮೂರ್ತಿಗೆ ಹೂ ಏರಿಸಿ, ಬಲಕ್ಕೆ ಬಿದ್ದರೆ ಹೌದು ಎಡಕ್ಕೆ ಬಿದ್ದರೆ ಇಲ್ಲ ಎಂದು ಕೇಳಿಕೊಂಡೇ ಮುಂದುವರಿಯುವುದು. ಬಿದ್ದ ಹೂವಿನ ಮಾತನ್ನು ತಿರುಚುವ ಎದೆ ಯಾರಿಗೂ ಇರಲಿಲ್ಲ.

“ಹಂಗ ತಿಳಕೋಬೇ.”

“ಮೊದಲ ಹೇಳಬಾರದೇನೋ ಮೂಳ. ಬುಕ್ ಹಿಡಕೊಂಡು ಬಂದಿ, ಜೀವ ತಗದಿ.”

ಮುದುಕಿ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ದೇವರ ಜಗಲಿಯ ಮುಂದೆ ನಿಂತಳು. ಮಾಸ್ತರರು ಬೆನ್ನು ತಿರುಗಿಸಿ ನಿಂತರು. ಒಳಗೆ ನಾಣ್ಯ ಬಿದ್ದ ಸದ್ದಾಯಿತು. ಅವಳು ಹೊರಗೆ ಬಂದಾಗ ಮುಖ ತಿಳಿಯಾಗಿತ್ತು.

“ಐತಿ. ಬೀಜ ಹಾಕ್ಕೊ.”

ಆಮೇಲೆ ಅವಳೇ ಮುಂದೆ ನಡೆದಳು. “ಹೊರಗ ಬರ್ರಿ, ಹೆಸರು ಕೇಳಂಗಿಲ್ಲ, ಹೂ ಕೇಳಿದಂಗ ಅಷ್ಟ” ಎಂದು ಪ್ರತಿ ಬಾಗಿಲಲ್ಲೂ ಕೂಗಿದಳು. ಮನೆಗೊಂದರಂತೆ ಜನ ನಾಣ್ಯ ತೆಗೆದುಕೊಂಡು ಒಳಗೆ ಹೋದರು, ದೇವರ ಮುಂದೆ ತೂರಿದರು, ಬಂದು ಹೇಳಿದರು. ಗೌಸಬೀ ಎಂಬಾಕೆ ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ ಒಳಗಡೆ ತೂರಿದಳು. ನಾಣ್ಯ ಹಗೇವಿನಲ್ಲಿ ಬಿದ್ದು, ಅದನ್ನು ಹುಡುಕಲು ಇಳಿದವರಿಗೆ ಅಲ್ಲಿದ್ದ ಗಾಡಿ ಸಿಕ್ಕಿತು. ನೋಡಿದವರೆಲ್ಲ ಆಕಾಶ ನೋಡಿದರು. ಸಂಜೆಯ ಹೊತ್ತಿಗೆ ಬಲ ಜೇಬು ಜೋತುಬಿದ್ದು ಮಾಸ್ತರರು ಒಂದು ಕಡೆ ವಾಲಿಕೊಂಡು ಮನೆ ಸೇರಿದರು.

ಬಲ ಜೇಬಿನಲ್ಲಿ ಎಂಬತ್ತಮೂರು ಬೀಜ, ಎಡದಲ್ಲಿ ಇಪ್ಪತ್ತೊಂಬತ್ತು. ನೂರಾ ಹನ್ನೆರಡು ನಾಣ್ಯದಲ್ಲಿ ಅರ್ಧ, ಅಂದರೆ ಐವತ್ತಾರು, ಸಿಂಹದ ಮಾತು ಎಂದು ಹಿಡಿದು ಕಳೆದರು. ಉಳಿದದ್ದು ಇಪ್ಪತ್ತೇಳು. ಖರೇ ಹೇಳಿದ ಐವತ್ತಾರು ಮನೆಗೆ ಇಪ್ಪತ್ತೇಳಾದರೆ, ಎಲ್ಲ ನೂರಾ ಹನ್ನೆರಡಕ್ಕೆ ಐವತ್ತನಾಲ್ಕು.

ಅಲ್ಲಾಸಾಬ ಹೇಳಿದ್ದು ಐವತ್ತೊಂದು.

ಹದಿನೆಂಟು ವರ್ಷದಲ್ಲಿ ಮಾಸ್ತರರ ಲೆಕ್ಕ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದದೆ ಇದ್ದದ್ದೇ ಇಲ್ಲ. ಮೂರರ ವ್ಯತ್ಯಾಸ. ಬೀಜಗಳನ್ನು ಏಳು ಸಲ ಎಣಿಸಿದರು. ಸರಿಹೊಂದಿಸೋಣವೆಂದು ಲೆಕ್ಕ ಹಾಕಿ ನೋಡಿದರೆ, ಬಲ ಜೇಬಿನಿಂದ ಒಂದೂವರೆ ಬೀಜ ತೆಗೆಯಬೇಕು. ಒಂದನ್ನು ಅಂಗಳಕ್ಕೆ ಎಸೆಯಬಹುದು, ಅರ್ಧ ಬೀಜವನ್ನು ಎಲ್ಲಿ ಎಸೆಯುವುದು? ಅರ್ಧ ಬೈಕು ಇಟ್ಟುಕೊಂಡ ಮನೆ ಯಾವುದು?

“ಹಂಗ ಒಯ್ರಿ,” ಎಂದಳು ಶೈಲಜಾ.

“ಕೆಲಸ ಹೋದ್ರ?”

“ಬೈಕ್ ಹಂಚಿ ಬರೆದಿದ್ರೂ ಹೋಗ್ತಿತ್ತು. ಹೋಗೂದಾದ್ರ ಖರೇ ಅಂಕಿ ಮ್ಯಾಲ ಹೋಗಲಿ.”

ಸೋಮವಾರ ಖುರ್ಷಿದಾ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಪ್ರಿನ್ಸಿಪಾಲರು ಅವರ ಪಕ್ಕದಲ್ಲಿ. ಮಾಸ್ತರರು ಬೋರ್ಡಿನ ಹತ್ತಿರ ಹೋಗುವಷ್ಟರಲ್ಲಿ ನಾಲ್ಕು ಸೀಮೆಸುಣ್ಣ ಮುರಿದಿದ್ದರು. ಐದನೆಯದರಲ್ಲಿ ಬರೆದರು: ಮನೆ ೧೧೨, ಬೈಕು ೦. ಮಕ್ಕಳು ಕಿಸಕ್ಕೆಂದರು.

“ಸರ,” ಎಂದಿತು ಹಿಂದಿನಿಂದ ಆ ಸಣ್ಣ ಧ್ವನಿ, “ಈ ಸೊನ್ನಿ ಮನ್ಯಾಗ ಕುಂತು ಬರೆದದ್ದೋ, ಊರಾಗ ಅಡ್ಡಾಡಿ ತಂದದ್ದೋ?”

ಮಾಸ್ತರರು ಮೇಜು ಹಿಡಿದುಕೊಂಡರು. “ಮನ್ಯಾಗ ಕುಂತು ಬರೆದಿದ್ರ ನಲವತ್ತು ಬರೀತಿದ್ದೆರಿ ಮೇಡಂ. ಸೊನ್ನಿ ಬರಿಯೋವಷ್ಟು ಧೈರ್ಯ ನನಗಿಲ್ಲರಿ.”

ಅವರು ಹೇಳುತ್ತಾ ಹೋದರು. ಬೆಲ್ಟು, ರಿಜಿಸ್ಟರು, ಲೋಬಾನದ ಬಾಣಂತಿ, ಕನ್ನಡಿ ಹಚ್ಚಿದ ಜೋಳದ ಚೀಲ.

“ಈ ಸೊನ್ನಿ ಬೈಕಿನ ಲೆಕ್ಕ ಅಲ್ಲ,” ಎಂದರು, “ಅಂಜಿಕಿದು. ನೂರಾ ಹನ್ನೆರಡು ಮನ್ಯಾಗ ನೂರಾ ಹನ್ನೆರಡೂ ಅಂಜಿದ್ವು. ಕೇಳಾಕ ಹೋದಾವಾ ನಾನು ಸೇರಿದ್ರ ನೂರಾ ಹದಿಮೂರು.”

ಆಮೇಲೆ ಬೀಜ ಸುರಿದರು, ನಾಣ್ಯದ ಉಪಾಯ ಹೇಳಿದರು, ಮಕ್ಕಳಿಂದಲೇ ಕಳೆಯಿಸಿ ಕೂಡಿಸಿ ಐವತ್ತನಾಲ್ಕು ತೆಗೆಸಿದರು. ಅದರ ಪಕ್ಕದಲ್ಲಿ ಅಲ್ಲಾಸಾಬನ ಐವತ್ತೊಂದನ್ನು ಬರೆದರು. ಐಶ್ವರ್ಯ ಎಂಬ ಹುಡುಗಿ ಎದ್ದು ನಿಂತಳು. ಅವಳು ಏನು ಕೇಳುತ್ತಾಳೆಂದು ಮಾಸ್ತರರಿಗೆ ಮೊದಲೇ ಗೊತ್ತಿತ್ತು.

“ಸರ, ಎರಡರಾಗ ಖರೇ ಉತ್ತರ ಯಾವುದ್ರಿ?”

ಪುಸ್ತಕದ ಹಿಂದಿನ ಪುಟ ಈ ಸಲ ಇರಲಿಲ್ಲ. ಮಾಸ್ತರರು ಬೋರ್ಡು ನೋಡಿದರು, ಬೀಜ ನೋಡಿದರು. ಪ್ರಿನ್ಸಿಪಾಲರು ಕಣ್ಸನ್ನೆಯಲ್ಲಿ ಐವತ್ತೊಂದನ್ನು ತೋರಿಸುತ್ತಿದ್ದರು.

“ನನಗ ಗೊತ್ತಿಲ್ಲವಾ,” ಎಂದರು ಮಾಸ್ತರರು. “ಖರೇ ಅಂಕಿ ಎರಡರ ಆಸುಪಾಸಿನ್ಯಾಗ ಎಲ್ಲೋ ಐತಿ. ಇನ್ನೊಂದು ಸಲ ನಾಣ್ಯ ತೂರಿದ್ರ ನಲವತ್ತೆಂಟು ಬಂದ್ರೂ ಬರಬಹುದು. ಎಷ್ಟು ಹೆಚ್ಚು ಕಡಿಮಿ ಆಗಬಹುದು ಅನ್ನೂದನ್ನ ನಾವೆಲ್ಲ ಕೂಡಿ ತಗದು ನೋಡೂಣು.”

ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನು ತೆಗೆದು ಬರೆಯತೊಡಗಿದರು. ಗೊತ್ತಿಲ್ಲ ಎಂದ ಕೂಡಲೇ ಬರೆದರು. ಉಳಿದ ಅರ್ಧ ತಾಸು ಮಾಸ್ತರರು ಏನು ಪಾಠ ಮಾಡಿದರೋ ಅವರಿಗೇ ನೆನಪಿಲ್ಲ. ಕಣ್ಣ ಮುಂದೆ ಆ ಪೆನ್ನೊಂದೇ ಇತ್ತು.

ಗಂಟೆ ಬಾರಿಸಿದ ಮೇಲೆ ಮೇಡಂ ವರದಿಯ ಹಾಳೆಯನ್ನು ಅವರ ಕೈಗೇ ಕೊಟ್ಟರು. ಅದರಲ್ಲಿ ಎರಡೇ ಸಾಲು, ಕೆಳಗೆ ಸಹಿ. ‘ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಗೊತ್ತಿಲ್ಲ ಎಂದು ಉತ್ತರಿಸಿ, ಗೊತ್ತು ಮಾಡಿಕೊಳ್ಳುವ ದಾರಿ ತೋರಿಸಿದರು. ಇವರನ್ನು ಮುಂದುವರಿಸತಕ್ಕದ್ದು.’

“ಎರಡೂ ಐವತ್ತೊಂದು ಬಂದಿದ್ರ ನಾ ನಂಬತಿದ್ದಿಲ್ಲರಿ ಸರ,” ಎಂದರು ಮೇಡಂ.

ಮಾಸ್ತರರು ಆ ಹಾಳೆಯನ್ನು ಮೂರು ಸಲ ಓದಿದರು. ಹದಿನೈದು ದಿನದ ಮೇಲೆ ಮೊದಲ ಸಲ ಉಸಿರು ಹೊಟ್ಟೆಯತನಕ ಇಳಿಯಿತು. ಆ ಉಸಿರಿಗೆ ಮೇಜಿನ ಮೇಲಿನ ಹುಣಸೆ ಬೀಜ ನಾಲ್ಕಾರು ಉರುಳಿ ಕೆಳಗೆ ಬಿದ್ದವು.

ಮೇಡಂ ಅವರನ್ನು ಕಾರಿನತನಕ ಬಿಡಲು ಎಲ್ಲರೂ ಬಂದರು. ಪ್ರಿನ್ಸಿಪಾಲರು, ಮಕ್ಕಳು, ಮಕ್ಕಳಲ್ಲಿ ಬೇವೂರಿನವರೂ ನಾಲ್ಕೈದು ಮಂದಿ. ಮೇಡಂ ಕಾರು ಹತ್ತಿ ಕುಳಿತು, ಗಾಜು ಇಳಿಸಿ, ಏನೋ ನೆನಪಾದವರಂತೆ ನಕ್ಕರು.

“ಎಲ್ಲಾರ ಮನಿ ಕೇಳಿದ್ರಿ. ನಿಮ್ಮದ ಬಿಟ್ರಿ ನೋಡ್ರಿ ಸರ. ನಿಮ್ಮ ಮನ್ಯಾಗ ಬೈಕ್ ಐತೇನ್ರಿ?”

ಬೇವೂರಿನ ಮಕ್ಕಳು ಕಣ್ಣು ಅರಳಿಸಿ ನೋಡುತ್ತಿದ್ದರು. ಪ್ರಿನ್ಸಿಪಾಲರು ಮೀಸೆಯಡಿಯಲ್ಲಿ ನಗುತ್ತಿದ್ದರು. ಮಾಸ್ತರರು ಜೇಬಿಗೆ ಕೈ ಹಾಕಿ ಐದು ರೂಪಾಯಿ ನಾಣ್ಯ ತೆಗೆದರು. ಬೆನ್ನು ತಿರುಗಿಸಿ ನಿಂತು ಮೇಲಕ್ಕೆ ತೂರಿ, ಅಂಗೈಯಲ್ಲಿ ಹಿಡಿದು, ತಾವೊಬ್ಬರೇ ನೋಡಿ, ಮುಷ್ಟಿ ಮುಚ್ಚಿ ತಿರುಗಿದರು.

“ಐತ್ರಿ ಮೇಡಂ. ಆದ್ರ ಬರಕೊಳ್ಳೂದಾದ್ರ ನನ್ನ ಹೆಸರ್ಲೆ ಬ್ಯಾಡ್ರಿ, ಈ ನಾಣ್ಯದ ಹೆಸರ್ಲೆ ಬರಕೊಳ್ರಿ.”